ಲಾಮಾ ಕಟ್ಟಿದ ಗಂಟು

ಬೆಳಗಿನಿಂದ ಲಾಕ್‌ಪುಟಿಯ ಬಾಯಿಗೆ ಬಿಡುವಿಲ್ಲ. ಹೆದರಿಕೆಯಾದರೆ ಅವಳು ಹೀಗೆಯೇ, ಎದುರಿಗೆ ಸಿಕ್ಕವರ ಮೇಲೆ ಹರಿಹಾಯುತ್ತಾಳೆ. ಇವತ್ತು ಸಿಕ್ಕಿದ್ದು ಮಗಳು ನಿಮ್‌ಡೋಮಾ. ಒಲೆಯ ಪಕ್ಕ ಕಂಬಳಿ ಹಾಸಿ, ಹತ್ತಿ, ಬ್ಯಾಂಡೇಜು, ಕತ್ತರಿ, ಮಾತ್ರೆಗಳನ್ನೆಲ್ಲ ಹರಡಿಕೊಂಡು ಕೂತಿದ್ದಳು. ಇಷ್ಟು ದಿನ ಸಾಮಾನು ಹೊತ್ತವಳಿಗೆ ಗೈಡಾಗಿ ಇದು ಮೊದಲ ತಂಡ. ಊಟ ಮುಗಿಸಿ ಹೊರಟು, ವಿದೇಶಿ ಅತಿಥಿಗಳನ್ನು ಚೋ ಲಾ ಹಿಮಘಟ್ಟ ದಾಟಿಸಬೇಕು.

"ಇಷ್ಟೇನಾ ಹತ್ತಿ? ಯಾರಾದ್ರೂ ಬಂಡೆ ಮೇಲೆ ಬಿದ್ರೆ, ನಿನ್ನ ಮುಖ ನೋಡಿ ರಕ್ತ ನಿಲ್ಲುತ್ತಾ?"

"ನಿಲ್ಲಬಹುದು ಆಮಾ, ಅಷ್ಟು ಚೆನ್ನಾಗಿದೀನಲ್ಲ."

"ಹಲ್ಲು ಕಿರೀಬೇಡ. ಮಾತ್ರೆ ತೋರಿಸು."

"ಇದು ಜ್ವರಕ್ಕೆ, ಇದು ಭೇದಿಗೆ. ಇದು ಎತ್ತರಕ್ಕೆ ಹೋದಾಗ ತಲೆ ಸಿಡಿದು ವಾಂತಿಯಾದ್ರೆ."

"ಮತ್ತೆ ನಿಂಗೆ?"

"ನಂಗ್ಯಾಕೆ? ನಾನು ಶೆರ್ಪಾ ಹುಡುಗಿ ಆಮಾ! ಇದೆಲ್ಲ ಅತಿಥಿಗಳದ್ದು."

ಲಾಕ್‌ಪುಟಿಗೆ ಗಂಡ ನೆನಪಾದ. ಗೈಡಾಗಿದ್ದ ಚುಲ್ದಿಮ್‌ನ ಮಾತೂ ಇದೇ ಆಗಿತ್ತಲ್ಲ! ಪುಣ್ಯಾತ್ಮ ಎರಡು ದಿನ ತಲೆನೋವು ನುಂಗಿಕೊಂಡು ನಡೆದನಂತೆ. ಅತಿಥಿಗಳು ಕಂಡರೆ ಗೈಡಿಗೇ ಹೀಗಾಯಿತು ಅಂತ ನಗುತ್ತಾರೆ, ಮುಂದಿನ ಸಲ ಯಾರೂ ಕರೆಯುವುದಿಲ್ಲ ಎಂದು ಬಂಡೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡನಂತೆ. ಇಳಿಯುವ ದಾರಿಯಲ್ಲೇ ಜೀವ ಹೋಯಿತು. ಅವನ ಬೆನ್ನ ಮೇಲಿದ್ದ ಔಷಧಿ ಚೀಲ ಮನೆಗೆ ಬಂದಾಗ, ಲಾಮಾ ಕಟ್ಟಿಕೊಟ್ಟಿದ್ದ ಕೆಂಪು ದಾರದ ಗಂಟು ಹಾಗೇ ಇತ್ತು. ಮಾತ್ರೆಗಳೆಲ್ಲ ಒಳಗೇ ಇದ್ದವು.

ಈಗ ಮಗಳ ಔಷಧಿ ಚೀಲವೂ ಊರಿನ ಬೌದ್ಧ ಮಠ ಗೊಂಪಾಕ್ಕೆ ಹೋಯಿತು. ಮುದಿ ಲಾಮಾ ಮಂತ್ರ ಹೇಳಿ, ಚೀಲದ ಬಾಯಿಗೆ ಕೆಂಪು ದಾರ ಸುತ್ತಿ ಬಿಗಿದರು. "ಯಾರಿಗಾದ್ರೂ ಆಪತ್ತು ಬಂದಾಗ ಬಿಚ್ಚು ಮಗಳೇ, ಅಲ್ಲೀವರೆಗೆ ಮುಟ್ಟಬೇಡ" ಎಂದರು. ಊರಿನ ಯಾವ ಗೈಡೂ ಈ ಗಂಟಿಲ್ಲದೆ ಹೊರಡುವುದಿಲ್ಲ. ಲಾಕ್‌ಪುಟಿ ಎಲ್ಲರಿಗಿಂತ ಮುಂದೆ ಬಗ್ಗಿ ಕೈಮುಗಿದಳು. ಆದರೆ ಹಿಂದಿರುಗುವಾಗ ದಾರಿಯುದ್ದಕ್ಕೂ ಅವಳ ಕಣ್ಣು ಆ ಗಂಟಿನ ಮೇಲೆಯೇ ಇತ್ತು.

ಮನೆಯಲ್ಲಿ ಆಲೂಗಡ್ಡೆ ರೊಟ್ಟಿ ಬಡಿಸಿದಳು, ತಾನು ಮುಟ್ಟಲಿಲ್ಲ. ಮಗಳು ಚೀಲ ಬೆನ್ನಿಗೇರಿಸಿ ಹೊಸ್ತಿಲು ದಾಟಬೇಕು, ಅಷ್ಟರಲ್ಲಿ ತಾಯಿ ಅದನ್ನು ಕಸಿದುಕೊಂಡು ದಾರಕ್ಕೆ ಹಲ್ಲು ಹಾಕಿ ಕಚ್ಚಿ ಹರಿದೇಬಿಟ್ಟಳು.

"ಆಮಾ! ಲಾಮಾ ಕಟ್ಟಿದ್ದು! ನಿಂಗೆ ತಲೆ ಕೆಟ್ಟಿದ್ಯಾ?"

"ಹೂಂ, ಕೆಟ್ಟಿದೆ. ಪಾಪ ಬಂದ್ರೆ ನಂಗೇ ಬರ್ಲಿ." ತಾಯಿ ಎತ್ತರದ ಕಾಯಿಲೆಯ ಮಾತ್ರೆ ಹುಡುಕಿ ತೆಗೆದು ಮಗಳ ಜಾಕೆಟ್ಟಿನ ಒಳಜೇಬಿಗೆ ತುರುಕಿದಳು. "ಇದು ನಿಂದು. ತಲೆ ನೋವು ಬಂದ್ರೆ ಅತಿಥಿಗಳ ಎದುರಿಗೇ ನುಂಗು, ಕೂತ್ಕೋ, ಕೆಳಗಿಳಿ. ನಗೋರು ನಗ್ಲಿ. ನಿಮ್ಮಪ್ಪನ್ನ ನೋಡಿ ಯಾರೂ ನಗ್ಲಿಲ್ಲ ಕಣೇ, ಏನು ಬಂತು?"

ನಿಮ್‌ಡೋಮಾ ಒಳಜೇಬಿನ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ ನಿಂತಿದ್ದಳು.

"ಆಮಾ, ಹೋದ ಸಲ ಸಾಮಾನು ಹೊತ್ಕೊಂಡು ಹೋಗಿದ್ನಲ್ಲ... ಘಟ್ಟದ ಮೇಲೆ ನಂಗೂ ವಾಂತಿಯಾಗಿತ್ತು."

"ಯಾರಿಗೆ ಹೇಳ್ದೆ?"

"ಯಾರಿಗೂ ಇಲ್ಲ. ಬಂಡೆ ಹಿಂದೆ ಹೋಗಿದ್ದೆ."

ಲಾಕ್‌ಪುಟಿ ಬೈಯುವುದನ್ನು ಬಿಟ್ಟು ಮಗಳ ಕೈ ಹಿಡಿದೆಳೆದಳು. ಹರಿದ ದಾರವನ್ನು ಮಗಳ ಮಣಿಕಟ್ಟಿಗೆ ಸುತ್ತಿ, ಗಂಟು ಹಾಕಿ, ಸಾಲದೆಂದು ಇನ್ನೊಂದು ಹಾಕಿದಳು. ಚೀಲದ ಬಾಯಿ ಮಾತ್ರ ತೆರೆದೇ ಇತ್ತು.