ಬೊಳ್ಳಿಗೆ ಅಕ್ಕಚ್ಚು ನಿಲ್ಲಿಸಿದ್ದು

ಮೂವತ್ತು ವರ್ಷ ಕೈಯಲ್ಲಿ ಹಾಲು ಕರೆದವಳು ನಾನು, ಗುಲಾಬಿ. ಈಗ ಹಟ್ಟಿಯಂಗಡಿ ಹತ್ತಿರದ ಈ ಡೇರಿಯಲ್ಲಿ ಬರೀ ಸಗಣಿ ತೆಗೆಯುತ್ತೇನೆ. ಕರೆಯುವುದು ರೋಬೋಟ್. ದನ ತಾನಾಗಿ ಒಳಗೆ ಹೋಗಬೇಕು. ಹೋದರೆ ಹಿಂಡಿ ಬೀಳುತ್ತದೆ, ಅದು ತಿನ್ನುವಷ್ಟರಲ್ಲಿ ಮಿಶನ್ನು ಕೆಚ್ಚಲು ತೊಳೆದು ಕರೆದು ಮುಗಿಸುತ್ತದೆ. ಮನುಷ್ಯರು ಬೇಡವೇ ಬೇಡ. ದರಿದ್ರದ್ದು!

ಮನೆಯಲ್ಲೂ ನನಗೆ ಯಾರೂ ಇಲ್ಲ. ಗಂಡ ಸತ್ತು ಎಂಟು ವರ್ಷ, ಮಕ್ಕಳಾಗಲಿಲ್ಲ. ನನಗಾಗಿ ಕಾಯುವುದು ಬೊಳ್ಳಿ ಒಂದೇ, ಇಲ್ಲಿಯ ಇಪ್ಪತ್ತೆರಡನೇ ನಂಬರಿನ ದನ. ಅಕ್ಕಪಕ್ಕದ ಮನೆಗಳ ಗಂಜಿ ತೆಳಿ, ಅಕ್ಕಿ ತೊಳೆದ ನೀರು, ಸಿಪ್ಪೆ ಎಲ್ಲ ಕೂಡಿಸಿ, ತೌಡು ಬೆರೆಸಿ, ದಿನಾ ಒಂದು ಬಕೆಟ್ ಅಕ್ಕಚ್ಚು ಅದಕ್ಕೆ ತರುತ್ತಿದ್ದೆ. ಬೆಳಗಾದರೆ ಬೇಲಿಗೆ ಕುತ್ತಿಗೆ ಹಾಕಿ ನಿಂತಿರುತ್ತಿತ್ತು.

ಮೊನ್ನೆ ರವಿಚಂದ್ರಣ್ಣ ಬಂದರು. ಪುಣೆಯ ಹೋಟೆಲ್ ಬಿಟ್ಟು ಬಂದು ಈ ಡೇರಿ ಮಾಡಿದವರು.

"ಗುಲಾಬಕ್ಕ, ಈ ಇಪ್ಪತ್ತೆರಡಕ್ಕೆ ಎಂತ ಆಯ್ತ್ ಮಾರಾಯ್ರೆ? ಬಾಕಿದ್ದೆಲ್ಲ ದಿನಕ್ಕೆ ಮೂರ್ ಸಲ ಮಿಶನ್ನಿಗೆ ಹೋತ್ತ್, ಇದ್ ಒಂದ್ ಸಲ ಹೋದ್ರೆ ಹೆಚ್ಚ್. ಹಾಲ್ ಅರ್ಧಕ್ಕೆ ಇಳ್ದಿತ್. ಬೈಂದೂರಿನ ದನದ ಯಾಪಾರದವ್ರಿಗೆ ಕೊಡೂದೇ ಸೈ."

ಕಾರಣ ನನಗೆ ಆಗಲೇ ಹೊಳೆಯಿತು. ಅಕ್ಕಚ್ಚಿನಲ್ಲಿ ಹೊಟ್ಟೆ ತುಂಬಿದ ದನ ಹಿಂಡಿಗೆ ಯಾಕೆ ಹೋದೀತು? ನನ್ನನ್ನು ಕಾಯುತ್ತ ನಿಂತದ್ದೇ ಅದಕ್ಕೆ ಕುತ್ತಾಗಿತ್ತು.

"ಎಂಟ್ ದಿನ ಕೊಡಿ. ಸರಿ ಆತ್ತ್," ಎಂದೆ. ಕಾರಣ ಹೇಳಲು ನಾಚಿಕೆಯಾಯಿತು.

ಮರುದಿನ ಬರಿಗೈಯಲ್ಲಿ ಬಂದೆ. ಬೊಳ್ಳಿ ಬೇಲಿಯ ಹತ್ತಿರ ನಿಂತು ಕೂಗಿತು. ಬೈಹುಲ್ಲಿನ ರಾಶಿಯ ಹಿಂದೆ ಕಿವಿ ಮುಚ್ಚಿ ಕೂತೆ. ಎರಡನೇ ದಿನವೂ ಕೂಗಿತು. ಪಾಪ. ಮೂರನೇ ದಿನ ಮಧ್ಯಾಹ್ನ, ಹಸಿವು ತಡೆಯದೆ ತಾನಾಗಿ ಮಿಶನ್ನಿಗೆ ಹೋಯಿತು.

ವಾರದೊಳಗೆ ದಿನಕ್ಕೆ ಮೂರು ಸಲ ಹೋಗತೊಡಗಿತು, ಹಾಲೂ ಏರಿತು.

"ಎಂತ ಮಾಡ್ದ್ರಿ ಗುಲಾಬಕ್ಕ? ಇನ್ನ್ ಇದನ್ನ್ ಕೊಡೂದಿಲ್ಲ!" ರವಿಚಂದ್ರಣ್ಣನಿಗೆ ಖುಷಿಯೋ ಖುಷಿ.

"ಎಂತ ಮಾಡ್ಲಿಲ್ಲ," ಎಂದೆ.

ಇವತ್ತು ಬೆಳಿಗ್ಗೆ ಬೇಲಿಯ ಹತ್ತಿರ ಯಾರೂ ಇರಲಿಲ್ಲ. "ಬೊಳ್ಳೀ," ಎಂದು ಕರೆದೆ. ಬಂತು, ನನ್ನ ಖಾಲಿ ಕೈ ಮೂಸಿತು, ಮಿಶನ್ನಿನ ಬದಿಗೆ ತಿರುಗಿತು. ಹೋಗು ಎಂದು ನಾನೇ ಬೆನ್ನು ತಟ್ಟಿದೆ. ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ, ಅತ್ತುಬಿಟ್ಟೆ.