ತಪಾಸಣೆಗೆ ಬೋಳಾದ ಗುಡ್ಡ

ನಮ್ಮ ಭಾವನಿಗೆ ಮಣ್ಣಿನ ಬಗ್ಗೆ ಭಾಷಣ ಮಾಡುವುದೆಂದರೆ ಪ್ರಾಣ, ಮಣ್ಣು ಮುಟ್ಟುವುದೆಂದರೆ ಅಸಹ್ಯ. ಜಲಾನಯನ ಕಚೇರಿಗೆ ಅವರು ಮುಖ್ಯಸ್ಥರು, ನಾನು ಅಲ್ಲಿ ನಕ್ಷೆ ಮಾಡುವವಳು. ಗುಡ್ಡದಲ್ಲಿ ಕೊರಕಲು ಬೀಳದಂತೆ ಕಾಯುವುದು ನಮ್ಮ ಕೆಲಸ. ಆ ಗುಡ್ಡದ ಮೇಲೇ ಅಕ್ಕನ ಮನೆ. ಹಗಲೂ ರಾತ್ರಿ ಬಟ್ಟೆ ಹೊಲಿದು ಅವಳೇ ಕಟ್ಟಿಸಿದ್ದು. ಭಾವ ಕೊಟ್ಟಿದ್ದು ಬರೀ ಸಲಹೆ.

ಮನೆಯ ಹಿಂದೆ ಗುಡ್ಡ ಮಡಚಿಕೊಂಡ ಹಾಗೆ ಒಂದು ತಗ್ಗು. ಎರಡೂ ಕಡೆಯ ನೀರು ಅಲ್ಲಿಗೇ ಬಂದು ಸೇರುತ್ತದೆ. ಕೆಳಗಿದ್ದ ಕೊರಕಲು ಮೇಲೇರದಂತೆ ತಡೆದಿದ್ದು ಆ ತಗ್ಗಿನ ಹುಲ್ಲು, ಮುಳ್ಳುಪೊದೆ. ನಕ್ಷೆಯಲ್ಲಿ ಆ ಜಾಗಕ್ಕೆ ನಾನು ಕೆಂಪು ಬಳಿದಿದ್ದೆ.

ಅಷ್ಟರಲ್ಲಿ ಮೇಲಿನವರು ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂತು. ಕಾರಿನಿಂದ ಇಳಿಯುವ ಪೈಕಿಯವರಲ್ಲ ಅವರು. ನಾವು ನೆಟ್ಟ ಮೊಣಕಾಲುದ್ದದ ಸಸಿಗಳು ರಸ್ತೆಗೇ ಕಾಣಬೇಕು, ಹುಲ್ಲು ಅಡ್ಡ. ಇಡೀ ಇಳಿಜಾರಿನ ಹುಲ್ಲು, ಪೊದೆ ಬೇರುಸಮೇತ ಕೆತ್ತಿಸಿಬಿಡಿ ಎಂದು ಭಾವ ಅಪ್ಪಣೆ ಕೊಟ್ಟರು.

"ಭಾವ, ಆ ತಗ್ಗನ್ನಾದ್ರೂ ಬಿಡಿ. ಸಸಿ ಇನ್ನೂ ಬೇರು ಬಿಟ್ಟಿಲ್ಲ. ಮಳೆ ಬಂದ್ರೆ ಕೊರಕಲು ಸೀದಾ ಮನೆಗೇ ಬರುತ್ತೆ."

"ಬಣ್ಣ ಹಚ್ಚೋಳು ನೀನು, ಬಣ್ಣ ಹಚ್ಚು."

ಗುಡ್ಡ ಕ್ಷೌರ ಮಾಡಿಸಿದ ತಲೆಯಂತಾಯಿತು. ಮೇಲಿನವರು ಕಾರಿನ ಗಾಜು ಅರ್ಧ ಇಳಿಸಿ ನೋಡಿ, ಬಹಳ ಅಚ್ಚುಕಟ್ಟು ಎಂದು ಹೊಗಳಿ ಹೋದರು. ಭಾವ ಎದೆ ಸೆಟೆಸಿಕೊಂಡು ಕಚೇರಿಯಲ್ಲಿ ಓಡಾಡಿದ್ದೇ ಓಡಾಡಿದ್ದು. ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಮೇಲೆ ಮಳೆ ಹಿಡಿಯಿತು. ಎರಡೂ ಕಡೆಯ ನೀರು ತಗ್ಗಿಗೆ ನುಗ್ಗಿ, ಹಿಡಿದುಕೊಳ್ಳಲು ಒಂದು ಬೇರೂ ಇಲ್ಲದ ಮಣ್ಣನ್ನು ಕೊಚ್ಚಿಕೊಂಡು ಹೋಯಿತು. ಕೊರಕಲು ಮೇಲಮೇಲಕ್ಕೆ ತಿನ್ನುತ್ತಾ ಬಂದು ಅಕ್ಕನ ಅಡುಗೆಮನೆಯನ್ನು ಒಲೆ ಸಮೇತ ಕೆಳಗೆಳೆದುಕೊಂಡಿತು. ಪುಣ್ಯಕ್ಕೆ ಆಗ ಒಳಗೆ ಯಾರೂ ಇರಲಿಲ್ಲ.

ಮಳೆ ನಿಂತ ಮೇಲೆ ಭಾವ ಕೊರಕಲಿನ ಅಂಚಿನಲ್ಲಿ ನಿಂತು ಮೇಲಿನವರಿಗೆ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದರು. "ಇಳಿಜಾರು ಜಾಸ್ತಿ ಸಾರ್. ನಮ್ಮ ಕೈಲಿ ಏನೂ ಇರ್ಲಿಲ್ಲ." ಆ ಇಳಿಜಾರು ರಾತ್ರೋರಾತ್ರಿ ಹುಟ್ಟಿಕೊಂಡಿತ್ತೋ ಏನೋ.

ಅಕ್ಕ ಅಳಲಿಲ್ಲ. ಉಳಿದ ಬಟ್ಟೆಬರೆ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡಳು. ಅದನ್ನು ಕಂಡು ಭಾವ ಫೋನ್ ಇಟ್ಟರು.

"ಎಲ್ಲಿಗೆ ಹೊರಟೆ? ನನ್ನ ಊಟ?"

"ಅಡುಗೆಮನೆ ಕೆಳಗಿದೆ," ಅಂದಳು ಅಕ್ಕ. "ಇಳಿದು ಹೋಗಿ ಉಣ್ಣಿ."