ಎರಡನೆಯ ಸೀಸೆ

ಮೂರನೆಯ ತಟ್ಟೆಯ ಗುಲಾಬಿ ದ್ರವ ಕದಡಿತ್ತು. ಆಸ್ಪತ್ರೆಯ ಪ್ರಯೋಗಾಲಯದ ತಂತ್ರಜ್ಞೆ ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದಳು. ಕದಡಿದ್ದು ಕದಡಿದ್ದೇ, ಹಳದಿಗೂ ತಿರುಗಿತ್ತು. ಸೋಂಕು ತಗುಲಿದ ಗುರುತು.

ಹನ್ನೆರಡು ತಟ್ಟೆಗಳಲ್ಲಿ ಬೆಳೆಯುತ್ತಿದ್ದುದು ಬೇಕರಿಯವನೊಬ್ಬನ ಚರ್ಮ. ಒಲೆ ಸಿಡಿದು ಅವನ ಬೆನ್ನೆಲ್ಲ ಬೆಂದುಹೋಗಿತ್ತು. ತೊಡೆಯಿಂದ ಅಂಚೆಚೀಟಿಯಷ್ಟು ಚರ್ಮ ತೆಗೆದು, ಅದರ ಜೀವಕೋಶಗಳಿಗೆ ದಿನ ಬಿಟ್ಟು ದಿನ ಆಹಾರದ ದ್ರವ ಹಾಕಿ ಮೂರು ವಾರ ಸಾಕಿದ್ದಳು. ನಾಳೆ ಅವನ ಬೆನ್ನಿಗೆ ಹೊದಿಸಬೇಕು.

ಕೈ ಕೆಸರಾದರೆ ಬಾಯಿ ಮೊಸರು ಎನ್ನುವುದು ಹೊರಗಿನವರ ಮಾತು. ಈ ಪ್ರಯೋಗಾಲಯದಲ್ಲಿ ಕೈಗೆ ಧೂಳು ತಾಗಿದರೂ ಕೆಲಸ ಕೆಟ್ಟಿತು. ಅದಕ್ಕೇ ಆರು ತಟ್ಟೆಗೆ ಆಹಾರದ ದ್ರವದ ಒಂದು ಸೀಸೆ, ಉಳಿದ ಆರಕ್ಕೆ ಇನ್ನೊಂದು. ಒಂದು ಕೆಟ್ಟರೂ ಅರ್ಧವಾದರೂ ಉಳಿಯಲಿ ಎಂದು. ಮೊನ್ನೆ ಮನೆಗೆ ಹೋಗುವ ಅವಸರದಲ್ಲಿ ಈ ಮಹಾತಾಯಿ ಹನ್ನೆರಡಕ್ಕೂ ಒಂದೇ ಸೀಸೆಯಿಂದ ಸುರಿದು, ದಾಖಲೆಯಲ್ಲಿ ಮಾತ್ರ ಎರಡೆಂದು ಬರೆದಿದ್ದಳು.

ಸರ್ಜನ್ ಬಂದು ಕದಡಿದ ತಟ್ಟೆಯನ್ನೂ ದಾಖಲೆ ಪುಸ್ತಕವನ್ನೂ ನೋಡಿದರು. "ಹೋಗ್ಲಿ ಬಿಡು. ಮೊದಲನೇ ಸೀಸೆದು ಆರೂ ಬಿಸಾಕು. ಎರಡನೇದು ಚೆನ್ನಾಗಿದೆಯಲ್ಲ, ನಾಳೆ ಅದನ್ನೇ ಹೊದಿಸೋಣ."

ಉಳಿದ ತಟ್ಟೆಗಳು ಕಣ್ಣಿಗೆ ತಿಳಿಯಾಗಿಯೇ ಇದ್ದವು. ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಆ ಹಸಿ ಬೆನ್ನಿಗೆ ಸೋಂಕು ಹತ್ತಿದರೆ ಅವನು ಬದುಕುವುದು ಎರಡೇ ದಿನ. ಅವಳು ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟಳು.

"ಎರಡನೇ ಸೀಸೆ ನಾನು ತೆಗೀಲೇ ಇಲ್ಲ ಸರ್."

"ಬರ್ದಿದ್ದೀಯಲ್ಲಮ್ಮ."

"ಸುಳ್ಳು ಬರ್ದೆ."

ಸರ್ಜನ್ ಕುರ್ಚಿ ಎಳೆದುಕೊಂಡು ಕೂತರು. ಬೈಯಲಿಲ್ಲ, ಬೈದಿದ್ದರೆ ಅವಳಿಗೆ ಎಷ್ಟೋ ವಾಸಿ ಎನಿಸುತ್ತಿತ್ತು. "ಫ್ರೀಜರಲ್ಲಿ ಅವನ ಜೀವಕೋಶ ಇನ್ನೊಂದೇ ಕೊಳವೆ ಇದೆ. ಇನ್ನು ಮೂರು ವಾರ ತಡೀತಾನೋ ಇಲ್ವೋ ದೇವರೇ ಬಲ್ಲ. ಬೆಳೆಸೋಕೆ ಬರೋದೂ ನಿನಗೊಬ್ಬಳಿಗೇ. ಹೋಗು, ಅವನ ಹೆಂಡತಿಗೆ ನೀನೇ ಹೇಳು."

ಹೆಂಡತಿ ಕಾರಿಡಾರಿನ ಬೆಂಚಿನಲ್ಲಿದ್ದಳು. "ನಾಳೆ ಎಷ್ಟು ಗಂಟೆಗೆ ಮೇಡಂ?"

"ನಾಳೆ ಆಗಲ್ಲಮ್ಮ. ನನ್ನ ತಪ್ಪಿಂದ ಎಲ್ಲಾ ಕೆಟ್ಟೋಯ್ತು. ಮೊದಲಿಂದ ಬೆಳೆಸ್ಬೇಕು."

"ಯಾರು ಬೆಳೆಸ್ತಾರೆ?"

"ನಾನೇ."

ಆಕೆ ಎದ್ದು ಇವಳ ಹಿಂದೆಯೇ ಬಂದು ಪ್ರಯೋಗಾಲಯದ ಗಾಜಿನಾಚೆ ನಿಂತಳು. ಒಳಗೆ ಇವಳು ಹೆಪ್ಪುಗಟ್ಟಿದ ಆ ಪುಟ್ಟ ಕೊಳವೆಯನ್ನು ಬೆಚ್ಚನೆಯ ನೀರಿನಲ್ಲಿ ಹಿಡಿದಳು. ಆಕೆ ಇವಳ ಮುಖ ನೋಡಲಿಲ್ಲ. ರೆಪ್ಪೆ ಬಡಿಯದೆ ಇವಳ ಎರಡೂ ಕೈಗಳನ್ನೇ ನೋಡುತ್ತಿದ್ದಳು.